ನೋ ಗ್ರೋತ್

ಮಲೆನಾಡಿನ ಮನೆಗಳಲ್ಲಿ ಕಾಗದ ಉಳಿಸೋದು ಕಷ್ಟದ ಕೆಲಸ. ಬಣಕಲ್ ಕಡೆ ಆಷಾಢ ಕಳೆಯೋದರೊಳಗೆ ಮದುವೆ ಆಲ್ಬಂಗೂ ಬೂಸ್ಟು ಹಿಡಿಯುತ್ತೆ, ಮಕ್ಕಳ ಮಾರ್ಕ್ಸ್ ಕಾರ್ಡಿಗೂ ಹಿಡಿಯುತ್ತೆ. ಅಂಥದ್ದರಲ್ಲಿ ನಮ್ಮ ಚಿಕ್ಕಮ್ಮ ಎರಡು ಕಾಗದದ ಕಟ್ಟುಗಳನ್ನ ಇಪ್ಪತ್ತೈದು ವರ್ಷಕ್ಕೂ ಮೇಲೆ ಕಾಪಾಡಿಕೊಂಡು ಬಂದಿದ್ದಾರೆ. ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಲೆಯ ಹೊಗೆ ತಾಗುವ ಅಟ್ಟದ ಮೇಲೆ ಇಟ್ಟು. ಒಂದು, ತೋಟದ ಕಾಗದಪತ್ರ. ಇನ್ನೊಂದು, ಚಿಕ್ಕಪ್ಪನ ಆಸ್ಪತ್ರೆ ಫೈಲು.

ಆ ಫೈಲನ್ನ ನಾನು ಮೊದಲ ಸಲ ಪೂರ್ತಿ ಓದಿದ್ದು ಮೊನ್ನೆ ಮೊನ್ನೆ. 1998ರದ್ದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಕ್ಷರ ಮಾಸಿಹೋಗಿದೆ. ಮೂರು ಬ್ಲಡ್ ಕಲ್ಚರ್ ರಿಪೋರ್ಟುಗಳಿವೆ, ಮೂರರಲ್ಲೂ ಎರಡೇ ಪದ: ನೋ ಗ್ರೋತ್. ಅದರ ಅರ್ಥ ಚಿಕ್ಕಮ್ಮನಿಗೆ ಆಗ ಯಾರೋ ಹೇಳಿದ್ದರಂತೆ. "ಬೆಳೆ ಬರಲಿಲ್ಲ ಅಂತ ತಾನೆ?" ಅಂದರು. ಹೌದು, ಅಷ್ಟೇ ಅರ್ಥ. ರಕ್ತವನ್ನ ಬಿತ್ತಿದರು, ಏನೂ ಮೊಳೆಯಲಿಲ್ಲ.

ಚಿಕ್ಕಪ್ಪನಿಗೆ ಆಗ 41. ಸಣ್ಣವರಿದ್ದಾಗ ಮಂಡಿ, ಮಣಿಕಟ್ಟು ಊದಿಕೊಂಡು ತಿಂಗಳುಗಟ್ಟಲೆ ಜ್ವರ ಬಂದು ಮಲಗಿದ್ದರು ಅಂತ ಅಜ್ಜಿ ಹೇಳೋದಿತ್ತು. ಅದು ಗಂಟಲಿನ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ, ಕೀಲುಗಳನ್ನ ಬಿಟ್ಟುಹೋದ ಮೇಲೂ ಹೃದಯದ ಕವಾಟದಲ್ಲಿ ಗಾಯದ ಗುರುತು ಉಳಿಸಿಹೋಗುತ್ತೆ ಅನ್ನೋದು ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಕೀಲು ಸರಿಹೋಯ್ತು, ಹುಡುಗ ಮರ ಹತ್ತಿದ, ಎಲ್ಲರೂ ಮರೆತರು. ಆ ವರ್ಷ ಜೂನ್‌ನಿಂದ ಸಂಜೆ ಸಂಜೆ ಜ್ವರ. ಮಳೆಗಾಲದ ಜ್ವರ ಅಂದ್ಕೊಂಡು ಮಾತ್ರೆ ತಗೊಂಡರು. ಒಂದು ಕ್ಲಿನಿಕ್ಕಿನಲ್ಲಿ ಐದು ದಿನದ ಆಂಟಿಬಯಾಟಿಕ್, ಇನ್ನೊಂದು ಕಡೆ ಇಂಜೆಕ್ಷನ್. ಜ್ವರ ಇಳಿಯೋದು, ಎಂಟು ದಿನ ಬಿಟ್ಟು ಮತ್ತೆ ಏರೋದು. ತೂಕ ಇಳೀತು. ಟಿಬಿ ಇರಬಹುದು ಅಂತ ಅದರ ಮಾತ್ರೆಯೂ ಒಂದೂವರೆ ತಿಂಗಳು ಆಯ್ತು. ಕೊನೆಗೆ ಒಬ್ಬ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಸ್ವಲ್ಪ ಜಾಸ್ತಿ ಹೊತ್ತು ಕೇಳಿಸಿಕೊಂಡರು. "ಶಬ್ದ ಇದೆ, ಘಟ್ಟ ಇಳಿಸಿ" ಅಂದರು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಸಿದೆವು. ಕೆಳಗೆ ಎಕೋ ಮಾಡಿದಾಗ ಕವಾಟದ ಮೇಲೆ ಹೂಕೋಸಿನ ಚೂರಿನಂಥ ಗಡ್ಡೆ ಅಲ್ಲಾಡ್ತಾ ಇತ್ತು. ಎಂಡೋಕಾರ್ಡೈಟಿಸ್. ಹೃದಯದ ಕವಾಟಕ್ಕೆ ಬ್ಯಾಕ್ಟೀರಿಯಾ ಹತ್ತಿ ಗೂಡು ಕಟ್ಟಿರೋದು. ಯಾವ ಬ್ಯಾಕ್ಟೀರಿಯಾ? ನೋ ಗ್ರೋತ್.

ಈ ಎರಡು ಪದಗಳ ಹಿಂದೆ ಬಿದ್ದು ನಾನು ಓದಿದ್ದನ್ನ ಇಲ್ಲಿ ಬರೀತಿದ್ದೀನಿ. ನಾನು ಡಾಕ್ಟರಲ್ಲ, ಇತಿಹಾಸದ ಹುಚ್ಚು ಅಷ್ಟೆ.

ಈ ಕಾಯಿಲೆಯ ಚಿತ್ರವನ್ನ ಮೊದಲು ಸಮಗ್ರವಾಗಿ ಬರೆದವರು ವಿಲಿಯಂ ಆಸ್ಲರ್. 1885ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಮೊದಲೇ ಕೆಟ್ಟ ಕವಾಟದ ಮೇಲೆ ಸೂಕ್ಷ್ಮಜೀವಿಗಳು ಬಂದು ಕೂರುತ್ತವೆ, ಜ್ವರ ಬಿಟ್ಟು ಬಿಟ್ಟು ಬರುತ್ತೆ, ಬೇರೆ ಹತ್ತಾರು ಜ್ವರಗಳ ವೇಷ ಹಾಕುತ್ತೆ ಅಂತ ವಿವರಿಸಿದರು. ವೇಷ ಅನ್ನೋದು ನನ್ನ ಮಾತು. ಟೈಫಾಯ್ಡ್ ಅನ್ನಿಸುತ್ತೆ, ಮಲೇರಿಯಾ ಅನ್ನಿಸುತ್ತೆ, ನಮ್ಮಲ್ಲಿ ಟಿಬಿ ಅನ್ನಿಸುತ್ತೆ.

ಆಸ್ಲರ್ ಆದ ಮೇಲೆ 26 ವರ್ಷಕ್ಕೆ ನ್ಯೂಯಾರ್ಕಿನಲ್ಲಿ ಒಂದು ಪ್ರಕರಣ. ಗುಸ್ತಾವ್ ಮಾಲರ್ ಅನ್ನುವ ದೊಡ್ಡ ಸಂಗೀತಗಾರ. 1907ರಲ್ಲೇ ಅವರ ಕವಾಟದಲ್ಲಿ ದೋಷ ಇದೆ ಅಂತ ಗೊತ್ತಾಗಿತ್ತು. 1911ರ ಫೆಬ್ರವರಿ 21ರಂದು ಜ್ವರದಲ್ಲೇ ಕಾರ್ನೆಗಿ ಹಾಲಿನಲ್ಲಿ ವಾದ್ಯವೃಂದ ನಡೆಸಿದರು. ಅದೇ ಕೊನೆ. ಮೌಂಟ್ ಸೈನಾಯ್ ಆಸ್ಪತ್ರೆಯ ಇಮ್ಯಾನುಯೆಲ್ ಲಿಬ್‌ಮನ್ ಈ ಕಾಯಿಲೆಯಲ್ಲಿ ಪಳಗಿದವರು. ಅವರ ಸಹಾಯಕ ಜಾರ್ಜ್ ಬೇರ್ ಬಂದು ತೋಳಿನಿಂದ ರಕ್ತ ತೆಗೆದು, ಅಲ್ಲೇ ಕಲ್ಚರಿಗೆ ಹಾಕಿಕೊಂಡು ಹೋದರು. ನಾಲ್ಕೈದು ದಿನಕ್ಕೆ ಬೆಳೆ ಬಂತು: ಸ್ಟ್ರೆಪ್ಟೊಕಾಕಸ್. ನಮ್ಮ ನಿಮ್ಮೆಲ್ಲರ ಬಾಯಲ್ಲಿ, ಹಲ್ಲಿನ ಸಂದಿಯಲ್ಲಿ ಸಾಧುವಾಗಿ ಬದುಕಿರುವ ಜಾತಿಯದು. ಮಾಲರ್ ಸತ್ಯ ಹೇಳಿ ಅಂದರಂತೆ, ಹೇಳಿದರು. ಹಡಗು ಹತ್ತಿ ಯುರೋಪಿಗೆ ವಾಪಸ್ ಹೋಗಿ ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡರು. ಕಾಯಿಲೆಗೆ ಕಾರಣವಾದದ್ದರ ಹೆಸರು ಸಿಕ್ಕಿತ್ತು, ಔಷಧಿ ಇರಲಿಲ್ಲ.

ಔಷಧಿ ಬರೋಕೆ ಇನ್ನೂ ಮೂವತ್ತು ಚಿಲ್ಲರೆ ವರ್ಷ ಬೇಕಾಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆನ್ಸಿಲಿನ್ ಸೈನಿಕರಿಗೇ ಸಾಲದಿದ್ದಾಗ, ಬ್ರೂಕ್ಲಿನ್ನಿನ ಲಿಯೋ ಲೋವ್ ಅನ್ನುವ ಡಾಕ್ಟರು ಫೈಜರ್ ಕಂಪನಿಯ ಜಾನ್ ಸ್ಮಿತ್ ಅವರನ್ನ ಕಾಡಿ ಬೇಡಿ ಔಷಧಿ ತಂದು, ಅಲ್ಲಿಯವರೆಗೆ ಯಾರೂ ಕೊಡದಷ್ಟು ದೊಡ್ಡ ಪ್ರಮಾಣದಲ್ಲಿ ಹನಿ ಹನಿಯಾಗಿ ರಕ್ತಕ್ಕೆ ಬಿಟ್ಟರು. 1944ರಲ್ಲಿ ಏಳು ರೋಗಿಗಳ ವರದಿ ಪ್ರಕಟವಾಯ್ತು. ಅದಕ್ಕೂ ಮುಂಚೆ ಈ ಕಾಯಿಲೆ ಬಂದವರು ಬದುಕುಳಿಯೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹತ್ತು ವರ್ಷಕ್ಕೆ, 1954ರಲ್ಲಿ, ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಶುರುವಾಗಿ ಪೆನ್ಸಿಲಿನ್ ನಮ್ಮದೇ ಸರಕಾಯ್ತು.

ಆಮೇಲೆ ಆಗಿದ್ದೇ ತಮಾಷೆ. ಔಷಧಿ ಎಷ್ಟು ಸಲೀಸಾಯ್ತು ಅಂದರೆ, ಹೆಸರು ಕಂಡುಹಿಡಿಯೋದಕ್ಕೆ ಅದೇ ಅಡ್ಡ ಬಂತು. ಕಲ್ಚರ್ ಅನ್ನೋದು ಸಸಿಮಡಿ ಇದ್ದ ಹಾಗೆ, ಬೀಜಕ್ಕೆ ಜೀವ ಇರಬೇಕು. ಮೊದಲೇ ನಾಲ್ಕು ಡೋಸ್ ಆಂಟಿಬಯಾಟಿಕ್ ಬಿದ್ದಿದ್ದರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಅರೆಜೀವವಾಗಿರುತ್ತೆ, ಬಾಟಲಿಯಲ್ಲಿ ಮೊಳೆಯೋದಿಲ್ಲ. ಕವಾಟದ ಗಡ್ಡೆಯ ಒಳಗೆ ಮಾತ್ರ ಗಟ್ಟಿಮುಟ್ಟಾಗಿರುತ್ತೆ. ಅದಕ್ಕೇ ಔಷಧಿ ನಿಲ್ಲಿಸಿದ ಎಂಟು ದಿನಕ್ಕೆ ಮತ್ತೆ ಜ್ವರ. ನಮ್ಮ ದೇಶದ ಹಲವು ಆಸ್ಪತ್ರೆಗಳ ವರದಿಗಳನ್ನ ನೋಡಿದರೆ ಈ ಕಾಯಿಲೆಯವರಲ್ಲಿ ಮೂರರಲ್ಲೊಬ್ಬರಿಗೆ, ಕೆಲವು ಕಡೆ ಅರ್ಧದಷ್ಟು ಜನಕ್ಕೆ, ಕಲ್ಚರಿನಲ್ಲಿ ಏನೂ ಬಂದಿಲ್ಲ. ಮಾಲರ್‌ಗೆ ಹೆಸರಿತ್ತು, ಔಷಧಿ ಇರಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಅಲಮಾರು ತುಂಬ ಔಷಧಿ ಇತ್ತು, ಹೆಸರಿರಲಿಲ್ಲ.

ಹೆಸರಿಲ್ಲದಿದ್ದರೆ ಏನು ನಷ್ಟ, ಔಷಧಿ ಕೊಟ್ಟರಾಯ್ತಲ್ಲ ಅಂತ ಕೇಳಬಹುದು. ನಷ್ಟ ಇದೆ. ಯಾರು ಅಂತ ಗೊತ್ತಿಲ್ಲದಾಗ ಎಲ್ಲರಿಗೂ ಹೊಡೆಯಬೇಕು. ಎರಡು ಮೂರು ಔಷಧಿ ಒಟ್ಟಿಗೆ, ನಾಲ್ಕರಿಂದ ಆರು ವಾರ, ನರಕ್ಕೆ. ಅದರಲ್ಲೊಂದು ಜೆಂಟಾಮೈಸಿನ್, ಕಿಡ್ನಿಗೂ ಕಿವಿಗೂ ಭಾರ. ಚಿಕ್ಕಪ್ಪನ ಕಿವಿ ಆಮೇಲೆ ಮಂದವೇ ಆಯ್ತು, ಅಂಗಳದಲ್ಲಿ ನಿಂತು ಕೂಗಬೇಕಾಗ್ತಿತ್ತು. ಇಷ್ಟಾಗಿಯೂ ಒಳಗಿರೋನು ಆ ಔಷಧಿಗಳಿಗೆ ಬಗ್ಗದ ಜಾತಿಯವನಾಗಿದ್ದರೆ?

ಅಂಥ ಜಾತಿಗಳಿವೆ. ಒಂದರ ಹೆಸರು ಕಾಕ್ಸಿಯೆಲ್ಲಾ ಬರ್ನೆಟಿ. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕಸಾಯಿಖಾನೆ ಕೆಲಸಗಾರರಿಗೆ ಬಂದ ಅರ್ಥವಾಗದ ಜ್ವರವನ್ನ ಎಡ್ವರ್ಡ್ ಡೆರಿಕ್ ಅನ್ನುವ ಡಾಕ್ಟರು ‘ಕ್ಯೂ ಜ್ವರ’ ಅಂತ ಕರೆದರು. ಕ್ಯೂ ಅಂದರೆ ಕ್ವೆರಿ, ಪ್ರಶ್ನಾರ್ಥಕ ಚಿಹ್ನೆ. ಹಸು, ಕುರಿ, ಆಡು ಈಯುವಾಗ ಮಾಸಿನ ಜೊತೆ ಹೊರಬರುತ್ತೆ, ಒಣಗಿ ದೂಳಾಗಿ ಉಸಿರಿನಲ್ಲಿ ಒಳಹೋಗುತ್ತೆ. ಮಾಮೂಲಿ ಕಲ್ಚರಿನಲ್ಲಿ ಇದು ಯಾವತ್ತೂ ಬೆಳೆಯೋದಿಲ್ಲ, ಜೀವಕೋಶದ ಒಳಗೇ ಬದುಕಬೇಕು ಅದಕ್ಕೆ. ಕೆಟ್ಟ ಕವಾಟ ಸಿಕ್ಕಿದರೆ ವರ್ಷಗಟ್ಟಲೆ ಅಲ್ಲೇ ಠಿಕಾಣಿ. ಪೆನ್ಸಿಲಿನ್, ಜೆಂಟಾಮೈಸಿನ್ ಯಾವುದಕ್ಕೂ ಜಗ್ಗೋದಿಲ್ಲ. ಇದಕ್ಕೆ ಡಾಕ್ಸಿಸೈಕ್ಲಿನ್ ಜೊತೆ ಹೈಡ್ರಾಕ್ಸಿಕ್ಲೋರೊಕ್ವಿನ್, ಹದಿನೆಂಟು ತಿಂಗಳು. ಕೃತಕ ಕವಾಟ ಇದ್ದರೆ ಎರಡು ವರ್ಷ. ಹೌದು, ಕೊರೊನಾ ಕಾಲದಲ್ಲಿ ಎಲ್ಲರೂ ಮೆಡಿಕಲ್ ಶಾಪಿಗೆ ಮುಗಿಬಿದ್ದ ಅದೇ ಮಾತ್ರೆ. ಮಲೇರಿಯಾ ಮಾತ್ರೆಯ ವಂಶ. ಬ್ಯಾಕ್ಟೀರಿಯಾ ಅಡಗಿರುವ ಕೋಶದ ಚೀಲದ ಹುಳಿಯನ್ನ ಅದು ತಗ್ಗಿಸುತ್ತೆ, ಆಗ ಡಾಕ್ಸಿಸೈಕ್ಲಿನ್ನಿಗೆ ಕೊಲ್ಲೋಕೆ ಬಲ ಬರುತ್ತೆ.

ಇಲ್ಲೊಂದು ಅಡ್ಡಮಾತು. ಮಲೇರಿಯಾ ಅಂದರೆ ನಮ್ಮ ತಾಲ್ಲೂಕಿಗೆ ಸಣ್ಣ ಇತಿಹಾಸವಲ್ಲ. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನ ತೆರೆದ ಜಾಗಗಳಲ್ಲಿ ಮೂಡಿಗೆರೆಯೂ ಒಂದು. ಸೊಳ್ಳೆ ಹಿಡಿದು ಕುಯ್ದು ನೋಡಿ, ಯಾವ ಜಾತಿ ಜ್ವರ ತರುತ್ತೆ ಅಂತ ಪಟ್ಟಿ ಮಾಡಿದರು. ಅಂದರೆ ಜ್ವರಕ್ಕೆ ಕಾರಣ ಹೆಸರಿಡಿದು ಹುಡುಕುವ ಕೆಲಸ ಇಲ್ಲಿಗೆ ಹೊಸದಲ್ಲ. ಆದರೆ ಜನರ ತಲೆಯಲ್ಲಿ ಉಳಿದದ್ದು ಬೇರೆಯೇ: ಮಲೆನಾಡಿನಲ್ಲಿ ಜ್ವರ ಅಂದರೆ ಮಳೆಯದ್ದೋ ಸೊಳ್ಳೆಯದ್ದೋ, ನುಂಗಿ ಮಲಗಿದರೆ ಹೋಗುತ್ತೆ. ಚಿಕ್ಕಪ್ಪನ ಮೂರು ತಿಂಗಳು ಹೋಗಿದ್ದು ಆ ನಂಬಿಕೆಯಲ್ಲಿ.

ಸರಿ, ಬೆಳೆಸದೇ ಹೆಸರು ಹಿಡಿಯೋದು ಹೇಗೆ? ಇದಕ್ಕೆ ಪಹಣಿಯ ಉದಾಹರಣೆ ಕೊಡ್ತೀನಿ, ತೋಟದವರಿಗೆ ಬೇಗ ಅರ್ಥವಾಗುತ್ತೆ. ಬಣಕಲ್ ಹೋಬಳಿಯ ಪಹಣಿಯಾಗಲಿ ಬೀದರಿನದ್ದಾಗಲಿ, ಅಚ್ಚಾದ ಕಾಲಂಗಳು ಒಂದೇ. ತುಂಬಿರುವ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಬೇರೆ. 1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ತೋರಿಸಿಕೊಟ್ಟಿದ್ದು ಹೆಚ್ಚು ಕಡಿಮೆ ಇದನ್ನೇ. ಎಲ್ಲಾ ಬ್ಯಾಕ್ಟೀರಿಯಾಗಳ ಒಳಗೂ 16ಎಸ್ ಅಂತ ಒಂದು ಜೀನಿನ ಕಾಗದ ಇದೆ. ಅದರಲ್ಲಿ ಕೆಲವು ಸಾಲು ಎಲ್ಲರಿಗೂ ಒಂದೇ ಥರ, ನಡುವೆ ಬರುವ ಸಾಲುಗಳು ಜಾತಿಯಿಂದ ಜಾತಿಗೆ ಬೇರೆ. ಅಚ್ಚಿನ ಸಾಲನ್ನ ಹಿಡಿದು ಕಾಗದವನ್ನ ಎಳೆದುಕೊಂಡರೆ, ತುಂಬಿದ ಸಾಲು ಓದಿ ಖಾತೆದಾರ ಯಾರು ಅಂತ ಹೇಳಬಹುದು. ಬ್ಯಾಕ್ಟೀರಿಯಾ ಸತ್ತಿದ್ದರೂ ಪರವಾಗಿಲ್ಲ. ಪಹಣಿಯಲ್ಲಿ ಸತ್ತವರ ಹೆಸರು ಇರೋದು ನಮಗೇನು ಹೊಸದೆ?

ಒಂದೇ ತೊಂದರೆ, ಆ ಕಾಗದ ಕಣ್ಣಿಗೆ ಕಾಣದಷ್ಟು ಕಮ್ಮಿ ಇರುತ್ತೆ. ಜೆರಾಕ್ಸ್ ಬೇಕು. 1983ರಲ್ಲಿ ಕ್ಯಾರಿ ಮುಲ್ಲಿಸ್ ಅದರ ಉಪಾಯ ಕಂಡುಕೊಂಡರು, ಪಿಸಿಆರ್. ಕಾಯಿಸಿ, ಆರಿಸಿ, ನಕಲು ಮಾಡು, ಮತ್ತೆ ಕಾಯಿಸು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತೆ. ಆ ಕಾವು ತಡೆಯುವ ಕಿಣ್ವ ಬಂದದ್ದು ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಯಲ್ಲಿ ಥಾಮಸ್ ಬ್ರಾಕ್ ಪತ್ತೆಮಾಡಿ 1969ರಲ್ಲಿ ಪ್ರಕಟಿಸಿದ ಒಂದು ಬ್ಯಾಕ್ಟೀರಿಯಾದಿಂದ. ಬಿಸಿನೀರಿನಲ್ಲಿ ಪಾಚಿ ಹುಡುಕ್ತಾ ಕೂತವರಿಗೆ ಸರ್ಕಾರ ಯಾಕೆ ಸಂಬಳ ಕೊಡಬೇಕು ಅಂತ ಕೇಳುವವರಿಗೆ ನಾನು ಈ ಕತೆ ಹೇಳ್ತೀನಿ.

ಕೊರೊನಾ ಬಂದ ಮೇಲೆ ಪಿಸಿಆರ್ ಅಂದರೆ ಬಣಕಲ್ ಸಂತೆಯಲ್ಲಿ ವೀಳ್ಯದೆಲೆ ಮಾರುವವರಿಗೂ ಗೊತ್ತು. ಅದಕ್ಕೂ ಮೊದಲೇ ಮಂಗನ ಕಾಯಿಲೆಯಿಂದ ನಮ್ಮ ಮಲೆನಾಡಿಗೆ ಈ ಪದ ಬಂದಿತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಿಗಳ ರಕ್ತವನ್ನ ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳೋದನ್ನ ಕಾದು ವೈರಸ್ ಹಿಡಿದರು. ಈಗ ಅದಕ್ಕೂ ಪಿಸಿಆರ್. ಇನ್ನೂ ಒಂದು ನಮ್ಮ ಹೆಮ್ಮೆ: ಬ್ಯಾಟರಿಯಲ್ಲಿ ಓಡುವ, ಹಳ್ಳಿ ಆಸ್ಪತ್ರೆಯ ಮೇಜಿನ ಮೇಲೆ ಇಡಬಹುದಾದ ಟ್ರೂನ್ಯಾಟ್ ಯಂತ್ರ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬಿನಲ್ಲಿ. ಟಿಬಿಗೆ ಅದನ್ನ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಆದರೆ ಈ ಯಂತ್ರಗಳು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತವೆ. ಟಿಬಿ ಇದೆಯಾ ಅಂದರೆ ಇದೆ ಅಥವಾ ಇಲ್ಲ. ಕವಾಟದಲ್ಲಿ ಕೂತಿರೋದು ಯಾರು ಅಂತ ಬಾಯಿಬಿಟ್ಟು ಕೇಳೋಕೆ 16ಎಸ್ ಪರೀಕ್ಷೆಯೇ ಬೇಕು, ಅದಕ್ಕೆ ದೊಡ್ಡ ಲ್ಯಾಬೇ ಬೇಕು.

1997ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಕವಾಟಗಳ ಮೇಲೆ ಈ ಪರೀಕ್ಷೆ ನಡೆಸಿ ಬ್ಯಾಕ್ಟೀರಿಯಾಗಳ ಹೆಸರು ಓದಿದರು. ಇಸವಿ ನೋಡಿ. ಚಿಕ್ಕಪ್ಪನ ಆಪರೇಷನ್ನಿಗೆ ಒಂದು ವರ್ಷ ಮೊದಲು. 2008ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ತಂಗಂ ಮೆನನ್ ಮತ್ತು ಸಂಗಡಿಗರು ಫ್ರಾನ್ಸಿನ ಮಾರ್ಸೇ ಲ್ಯಾಬಿನ ಜೊತೆ ಸೇರಿ, ಕಲ್ಚರಿನಲ್ಲಿ ಏನೂ ಬಾರದ ಚೆನ್ನೈ ಕಡೆಯ ರೋಗಿಗಳಲ್ಲಿ ಹುಡುಕಿದ್ದನ್ನ ಪ್ರಕಟಿಸಿದರು. ಸಿಕ್ಕಿದ್ದು ಅದೇ ಕಾಕ್ಸಿಯೆಲ್ಲಾ, ಜೊತೆಗೆ ಬಾರ್ಟೊನೆಲ್ಲಾ ಕ್ವಿಂಟಾನಾ. ಎರಡನೆಯದು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಮೈಹೇನಿನಿಂದ ಸೈನಿಕರಿಗೆ ಹರಡಿದ ಜ್ವರದ ಬ್ಯಾಕ್ಟೀರಿಯಾ. ಇವೆಲ್ಲ ಯುರೋಪಿನ ಕಾಯಿಲೆ ಅಂದುಕೊಂಡು ನಾವು ಹುಡುಕಿರಲೇ ಇಲ್ಲ, ಅಷ್ಟೆ. 2023ರಲ್ಲಿ ಈ ಕಾಯಿಲೆಯನ್ನ ತೀರ್ಮಾನಿಸುವ ‘ಡ್ಯೂಕ್’ ಮಾನದಂಡಗಳನ್ನ ಪರಿಷ್ಕರಿಸಿದಾಗ ಪಿಸಿಆರ್ ಫಲಿತಾಂಶಕ್ಕೂ ಅದರಲ್ಲಿ ಜಾಗ ಸಿಕ್ಕಿತು.

ಈಗ ಬಾಟಲಿಯ ವಿಷಯ. ಚಿಕ್ಕಪ್ಪನ ಕವಾಟ ತೆಗೆದು ಚಿತ್ರಾ ವಾಲ್ವ್ ಹಾಕಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ತಂಡ ವರ್ಷಗಟ್ಟಲೆ ಸೋತು ಸೋತು ಮಾಡಿದ ಕವಾಟ ಅದು, ಮೊದಲ ಸಲ ಮನುಷ್ಯರಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಆಮೇಲೆ ಅವರು ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. ಪರದೇಶದ ಕವಾಟದ ರೇಟು ಕೇಳಿದ್ದ ನಮ್ಮ ಮನೆಯವರಿಗೆ ಇದು ದೇವರು ಕೊಟ್ಟಂತಾಯ್ತು. (ಚಿತ್ರಾ ಅನ್ನೋದು ಅದನ್ನ ದಾನ ಮಾಡಿದ ಹೆಂಗಸಿನ ಹೆಸರು ಅಂತ ಅಜ್ಜಿ ಕೊನೇವರೆಗೂ ನಂಬಿದ್ದರು. ದೀಪ ಹಚ್ಚುವಾಗ ಆ ತಾಯಿ ಚೆನ್ನಾಗಿರಲಿ ಅನ್ನೋರು.)

ತೆಗೆದ ಹಳೆ ಕವಾಟವನ್ನ ಒಂದು ಬಾಟಲಿಯಲ್ಲಿ ಹಾಕಿ ಕೈಗೆ ಕೊಟ್ಟು, ಕೆಳಗಿನ ಲ್ಯಾಬಿಗೆ ಕೊಟ್ಟು ಬಾ ಅಂದರು. ತಗೊಂಡು ಹೋದವನು ನಾನೇ. ಕಣ್ಣು ಉರಿಸುವ ವಾಸನೆ ಈಗಲೂ ನೆನಪಿದೆ. ಫಾರ್ಮಲಿನ್. ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಅದು ಬೇಕೇ ಬೇಕು, ಆದರೆ ಅದರಲ್ಲಿ ಮುಳುಗಿದ ತುಂಡಿನಲ್ಲಿ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ, ಡಿಎನ್ಎ ತುಂಡು ತುಂಡಾಗುತ್ತೆ. ಈಗಿನ ಕ್ರಮ ಏನೆಂದರೆ, ಕವಾಟವನ್ನ ಎರಡು ಪಾಲು ಮಾಡಬೇಕು. ಒಂದು ಫಾರ್ಮಲಿನ್ನಿಗೆ, ಇನ್ನೊಂದು ಫಾರ್ಮಲಿನ್ ಸೋಕದ ಶುದ್ಧ ಡಬ್ಬಿಗೆ, ಕಲ್ಚರಿಗೂ ಪಿಸಿಆರಿಗೂ. ಆವತ್ತು ಯಾರದೂ ತಪ್ಪಲ್ಲ, ಆಗಿನ ಪದ್ಧತಿ ಅದು. ಆದರೂ ಆ ಬಾಟಲಿ ಹಿಡಿದು ಮೆಟ್ಟಿಲು ಇಳಿದ ಕೈ ನನ್ನದು.

ರಿಪೋರ್ಟಿನಲ್ಲಿ ಉರಿಯೂತ ಇದೆ, ಸೋಂಕು ಇದೆ ಅಂತ ಬಂತು, ಯಾರದ್ದು ಅಂತ ಬರಲಿಲ್ಲ. ಚಿಕ್ಕಪ್ಪ 1999ರ ಕಾಫಿ ಕುಯ್ಲಿಗೆ ಮನೆಗೆ ಬಂದರು. ಎದೆ ಹತ್ತಿರ ಕಿವಿ ಇಟ್ಟರೆ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳಿಸೋದು, ಮಕ್ಕಳು ಸಾಲಾಗಿ ನಿಂತು ಕೇಳ್ತಿದ್ದರು. 2000ದ ಆಗಸ್ಟಿನಲ್ಲಿ ಮತ್ತೆ ಸಂಜೆ ಜ್ವರ. ಮತ್ತೆ ನೋ ಗ್ರೋತ್. ಅಕ್ಟೋಬರಿನಲ್ಲಿ ಹೋದರು.

ಇದನ್ನೆಲ್ಲ ಈಗ ಕೆದಕೋಕೆ ಕಾರಣ ನಮ್ಮ ಪಕ್ಕದ ಎಸ್ಟೇಟಿನ ರೈಟರ ಮಗಳು. 2022ರಲ್ಲಿ ಅವಳಿಗೂ ಇದೇ ಕಾಯಿಲೆ, ಇದೇ ಥರ ಮೊದಲು ಮಾತ್ರೆ, ಇದೇ ಥರ ಖಾಲಿ ಕಲ್ಚರ್. ಬೆಂಗಳೂರಿನಲ್ಲಿ ಕವಾಟ ಬದಲಾಯಿಸಿದಾಗ ತುಂಡನ್ನ 16ಎಸ್ ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನಕ್ಕೆ ಹೆಸರು ಬಂತು. ಏನೋ ವಿಚಿತ್ರದ್ದಿರುತ್ತೆ ಅಂತ ನಾನು ಕಾದಿದ್ದೆ. ಅಲ್ಲ ಮಾರಾಯ್ರೆ, ಸ್ಟ್ರೆಪ್ಟೊಕಾಕಸ್! ಮಾಲರ್‌ಗೆ ಬಂದಿದ್ದ ಅದೇ ಬಾಯಿಯ ಜಾತಿ. ಮೂರು ಔಷಧಿ ಇದ್ದದ್ದು ಒಂದಕ್ಕೆ ಇಳೀತು. ಏರ್ತಾ ಇದ್ದ ಕ್ರಿಯಾಟಿನಿನ್ ಕೆಳಗೆ ಬಂತು. ಹುಳುಕು ಹಲ್ಲು ಎರಡು ಕೀಳಿಸಿಕೊಂಡು ಊರಿಗೆ ಬಂದಳು. ಈಗ ಮೂಡಿಗೆರೆಯಲ್ಲಿ ಕೆಲಸಕ್ಕೆ ಹೋಗ್ತಾಳೆ.

ಈ ಪರೀಕ್ಷೆಯನ್ನ ತೀರಾ ತಲೆಮೇಲೆ ಹೊತ್ತುಕೊಳ್ಳೋದೂ ಬೇಡ. ಸತ್ತ ಬ್ಯಾಕ್ಟೀರಿಯಾದ ಡಿಎನ್ಎ ಕವಾಟದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತೆ. ಹಾಗಾಗಿ ಪಿಸಿಆರ್ ಪಾಸಿಟಿವ್ ಅಂದ ಮಾತ್ರಕ್ಕೆ ಕಾಯಿಲೆ ಇನ್ನೂ ಇದೆ ಅಂತಲ್ಲ. ಮುಟ್ಟಿದ ಕೈಯ ಬ್ಯಾಕ್ಟೀರಿಯಾವನ್ನೂ ಅದು ಓದಿಬಿಡಬಹುದು. ಹೆಸರು ಹೇಳುತ್ತೆ, ಯಾವ ಔಷಧಿಗೆ ಬಗ್ಗುತ್ತೆ ಅನ್ನೋದನ್ನ ಪೂರ್ತಿ ಹೇಳೋದಿಲ್ಲ, ಅದಕ್ಕೆ ಈಗಲೂ ಬೆಳೆಸಿಯೇ ನೋಡಬೇಕು. ರಕ್ತದಲ್ಲಿ ಮಾಡಿದರೆ ಕವಾಟದಲ್ಲಿ ಸಿಕ್ಕಷ್ಟು ಚೆನ್ನಾಗಿ ಸಿಗೋದೂ ಇಲ್ಲ. ಹಾಗಾಗಿ ಎಲ್ಲಕ್ಕಿಂತ ಅಗ್ಗದ ಉಪಾಯ 1911ರಲ್ಲಿ ಇದ್ದದ್ದೇ: ಕವಾಟ ಕೆಟ್ಟಿದೆ ಅಂತ ಗೊತ್ತಿರುವವರಿಗೆ ಜ್ವರ ಬಂದರೆ, ಆಂಟಿಬಯಾಟಿಕ್ ಶುರು ಮಾಡೋ ಮುಂಚೆ ಮೂರು ಬಾಟಲಿ ರಕ್ತ ಕಲ್ಚರಿಗೆ ತೆಗೆಯೋದು.

ರೈಟರ ಮಗಳ ರಿಪೋರ್ಟಿನ ಸುದ್ದಿ ಚಿಕ್ಕಮ್ಮನಿಗೂ ಮುಟ್ಟಿತು. ಅವತ್ತೇ ಅಟ್ಟದಿಂದ ಚೀಲ ಇಳಿಸಿ ನನಗೆ ಹೇಳಿಕಳಿಸಿದ್ದು. "ಅಲ್ಲ ಕಣೋ, ಅವಳಿಗೆ ಹಲ್ಲಿಂದ ಬಂತು ಅಂದ್ರಂತೆ. ಹಂಗಾದ್ರೆ ನಮ್ಮನೆಯವರಿಗೆ ಎಲ್ಲಿಂದ ಬಂತು?"

ಚಿಕ್ಕಪ್ಪನ ಹಲ್ಲು ಚೆನ್ನಾಗಿದ್ದವು. ಆದರೆ ಕೊಟ್ಟಿಗೆಯಲ್ಲಿ ಹಸು ಈದಾಗಲೆಲ್ಲ ಕರು ಎಳೆಯುತ್ತಿದ್ದದ್ದು, ಮಾಸು ಹೂಳುತ್ತಿದ್ದದ್ದು ಅವರೇ. ಇದನ್ನ ಚಿಕ್ಕಮ್ಮನ ಮುಂದೆ ಹೇಳಲಿಲ್ಲ. ಹೇಳಿದರೆ ಅದೊಂದು ಊಹೆ ಅಷ್ಟೆ, ಅವರು ಅದನ್ನೇ ನಿಜ ಅಂತ ಹಿಡಿದುಕೊಂಡು ಈ ವಯಸ್ಸಿನಲ್ಲಿ ಹಸು ಮಾರಿಬಿಡ್ತಾರೆ.

ಫಾರ್ಮಲಿನ್ನಿನ ನಂತರ ಕವಾಟದ ತುಂಡುಗಳನ್ನ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿ ಇಟ್ಟಿರ್ತಾರೆ, ಅಂಥದ್ದರಿಂದಲೂ ಒಮ್ಮೊಮ್ಮೆ ಡಿಎನ್ಎ ಓದಬಹುದು ಅಂತ ತಿಳಿದು, ಹಳೇ ರಿಪೋರ್ಟಿನ ನಂಬರು ಬರ್ಕೊಂಡು ಘಟ್ಟ ಇಳಿದು ಹೋದೆ. ಲ್ಯಾಬಿನ ಹುಡುಗಿ ನಂಬರು ನೋಡಿ, ಇಸವಿ ನೋಡಿ, ನನ್ನ ಮುಖ ನೋಡಿದಳು. ಹತ್ತು ವರ್ಷ ಆದ ಬ್ಲಾಕುಗಳನ್ನ ಇಡೋದಿಲ್ಲ ಸರ್ ಅಂದಳು. ರಿಜಿಸ್ಟರ್ ಮಾತ್ರ ಇತ್ತು. ಅದರಲ್ಲಿ ಚಿಕ್ಕಪ್ಪನ ಹೆಸರು, ಊರು ಬಣಕಲ್, ಬಾಟಲಿ ತಂದುಕೊಟ್ಟವರು ಅನ್ನುವ ಕಾಲಂನಲ್ಲಿ ನನ್ನ ಸಹಿ.